ಕಪ್ಪು ನಾಲ್ಕರಿಂದ ಇಳಿದು ಬಂದವರು

ಮೈಸೂರು ಸೀಮೆಯ ನಾಟಕ ಕಂಪನಿಗಳಲ್ಲಿ ಕಳೆದ ನಲವತ್ತು ವರ್ಷಗಳಿಂದ ಕಿರೀಟ ಧರಿಸಿದವರನ್ನೆಲ್ಲ ಒಂದು ಕಡೆ ಕೂಡಿಸಿದರೆ, ಅವರಿಗೆ ಹಂಚಿಕೊಡಲು ಭರತಖಂಡದಲ್ಲಿ ರಾಜ್ಯಗಳು ಸಾಲುವುದಿಲ್ಲ. ಅಷ್ಟು ಮಂದಿ ರಾಜರ ನಡುವೆ, ಕಿರೀಟ ತೆಗೆದ ಮೇಲೂ ತಲೆ ಎತ್ತರವಾಗಿಯೇ ಕಾಣುವ ನಟರು ಎಷ್ಟು ಎಂದು ಕೇಳಿದರೆ ಬೆರಳು ಮಡಿಸುವ ಕೆಲಸ ಬೇಗ ಮುಗಿಯುತ್ತದೆ. ಆ ಬೆರಳುಗಳಲ್ಲಿ ಮೊದಲನೆಯದು ಶ್ರೀ ವೃಷಭೇಂದ್ರಪ್ಪನವರಿಗೆ ಸಲ್ಲಬೇಕೆಂಬ ವಿಷಯದಲ್ಲಿ, ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ನಮ್ಮ ನಾಟಕದವರು ಒಮ್ಮತಕ್ಕೆ ಬಂದಿದ್ದಾರೆ. ಈ ವರ್ಷ ಅವರಿಗೆ ಅರವತ್ತು ತುಂಬಿತು. ಇನ್ನು ಬಣ್ಣ ಹಚ್ಚುವುದಿಲ್ಲವೆಂದು ಹೇಳಿದ್ದಾರೆ. ಹೇಳಿದ್ದನ್ನು ಮಾಡುವ ಸ್ವಭಾವದವರಾದ್ದರಿಂದ ಈ ಅಭಿನಂದನ ಗ್ರಂಥವನ್ನು ಅವಸರವಾಗಿ ಹೊರತರಬೇಕಾಗಿದೆ.

ಅವರ ವಂಶ, ಬಿರುದು, ಪದಕಗಳ ವಿಚಾರ ಬರೆಯಲು ಯೋಗ್ಯರಾದವರು ಇದ್ದಾರೆಂದು ಸಂಪಾದಕರು ತಿಳಿಸಿದ್ದಾರೆ. ನನ್ನ ಪಾಲಿಗೆ ಬಿಟ್ಟಿರುವುದು ಅವರ ಕಂಠದ ವಿಷಯ. ಸರಿಯಾಗಿ ಹೇಳಬೇಕೆಂದರೆ, ಆ ಕಂಠ ಹೋದ ವಿಷಯ. ಶ್ರೀ ಬೈರವೇಶ್ವರ ಕೃಪಾಪೋಷಿತ ನಾಟಕ ಮಂಡಳಿಗೆ ೧೯೪೧ರಿಂದ ನಾನು ಕವಿ. ಕಂಪನಿಯ ಕವಿ ಎಂದರೆ ಹಾರ್ಮೋನಿಯಂ ಮೇಷ್ಟ್ರು ಕೊಟ್ಟ ಮಟ್ಟಿಗೆ, ಅಂದರೆ ಧಾಟಿಗೆ, ಅಕ್ಷರ ತುಂಬುವವನು. ಚಾಮರಾಜಪೇಟೆಯಲ್ಲಿ ನಮ್ಮ ತಗಡಿನ ಥಿಯೇಟರಿಗೂ ಸಾಹಿತ್ಯ ಪರಿಷತ್ತಿನ ಕಟ್ಟಡಕ್ಕೂ ನಡುವೆ ಕೆಲವೇ ರಸ್ತೆಗಳಿದ್ದವು. ಆ ರಸ್ತೆಗಳನ್ನು ದಾಟಲು ನನ್ನಂಥವನಿಗೆ ಒಂದು ಜನ್ಮ ಸಾಲದೆಂದು ನಾನು ಮೊದಲೇ ತಿಳಿದಿದ್ದೆನಾಗಿ, ಸುಖವಾಗಿದ್ದೆ.

ವೃಷಭೇಂದ್ರಪ್ಪನವರು ಹುಟ್ಟಿದ್ದು ಅಕ್ಕಿಪೇಟೆಯಲ್ಲಿ. ತಂದೆ ನಂಜಪ್ಪನವರದು ಅಕ್ಕಿ ಮಂಡಿ. ಅಕ್ಕಿ ವ್ಯಾಪಾರದಲ್ಲಿ ಒಂದು ಹಳೆಯ ಚಮತ್ಕಾರ ಉಂಟು: ಮೂಟೆಯ ಬಾಯಲ್ಲಿ ಒಳ್ಳೆಯ ಅಕ್ಕಿ, ಹೊಟ್ಟೆಯಲ್ಲಿ ನುಚ್ಚು. ಬಲ್ಲವರು ಬಾಯಿ ಬಿಚ್ಚಿ ನೋಡಿ ಒಪ್ಪುವುದಿಲ್ಲ. ತುದಿ ಚೂಪಾದ, ಒಳಗೆ ಪೊಳ್ಳಾದ ಒಂದು ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೇ ಚುಚ್ಚಿ, ಅದರಲ್ಲಿ ಬಂದ ಕಾಳನ್ನು ಅಂಗೈ ಮೇಲೆ ಸುರಿದುಕೊಂಡು ನೋಡುತ್ತಾರೆ. ಮಗ ಮಂಡಿ ಬಿಟ್ಟು ಕಂಪನಿ ಸೇರಿದ ಮೇಲೆ ನಂಜಪ್ಪನವರು ಬಹಳ ಕಾಲ ಅತ್ತ ಸುಳಿಯಲಿಲ್ಲವಂತೆ. ಕೊನೆಗೊಮ್ಮೆ ಬಂದು, ಹಣೆಯ ವಿಭೂತಿ ಅಲುಗದಂತೆ ಕೂತು ಇಡೀ ನಾಟಕ ನೋಡಿದರು. ಮಗನ ಪಾರ್ಟು ಹೇಗಿತ್ತು ಸ್ವಾಮಿ ಎಂದು ಯಾರೋ ಕೇಳಿದ್ದಕ್ಕೆ, “ಮೂಟೆ ಬಾಯಲ್ಲಿ ಅಕ್ಕಿ ಚೆನ್ನಾಗೇ ಇದೆ. ಹೊಟ್ಟೆಗೆ ಚುಚ್ಚಿ ನೋಡೋ ಕಾಲ ಇನ್ನೂ ಬಂದಿಲ್ಲ” ಎಂದರಂತೆ. ಈ ಮಾತನ್ನು ನನಗೆ ಹೇಳಿದವರು ಸ್ವತಃ ವೃಷಭೇಂದ್ರಪ್ಪನವರೇ. ಪ್ರಶಸ್ತಿಪತ್ರವನ್ನು ಓದಿ ಹೇಳುವವರಂತೆ ಹೇಳಿದರು.

ಮೂಟೆಯ ಬಾಯಲ್ಲಿದ್ದ ಆ ಅಕ್ಕಿ ಯಾವುದೆಂದರೆ, ಅವರ ಶ್ರುತಿ. ಹಾರ್ಮೋನಿಯಂನಲ್ಲಿ ಬೆರಳೊತ್ತುವ ಕಪ್ಪು ಮನೆಗಳಲ್ಲಿ ನಾಲ್ಕನೆಯದನ್ನು ಷಡ್ಜ ಮಾಡಿಕೊಂಡು ಹಾಡುವುದು ಹೆಂಗಸರ ಕಂಠಕ್ಕೆ ಸರಿ. ಗಂಡಸು ಹಾಡಿದರೆ ಕೇಳುವವರ ಕುತ್ತಿಗೆಯ ನರ ಉಬ್ಬುತ್ತದೆ. ವೃಷಭೇಂದ್ರಪ್ಪನವರು ಆ ಕಪ್ಪು ನಾಲ್ಕರ ಶ್ರುತಿಯಲ್ಲಿ, ಧ್ವನಿವರ್ಧಕವಿಲ್ಲದ ಥಿಯೇಟರಿನಲ್ಲಿ, ಹಿಂದೆ ನೆಲದ ಟಿಕೆಟ್ಟಿನಲ್ಲಿ ಕೂತವರವರೆಗೆ ಒಂದೊಂದಕ್ಷರವೂ ಮುಟ್ಟುವ ಹಾಗೆ ಹಾಡುತ್ತಿದ್ದರು. ನಮ್ಮ ಹ್ಯಾಂಡ್‌ಬಿಲ್ಲುಗಳಲ್ಲಿ ಅವರ ಹೆಸರಿನ ಕೆಳಗೆ ‘ಕಪ್ಪು ನಾಲ್ಕರ ಚಕ್ರವರ್ತಿ’ ಎಂದು ಅಚ್ಚಾಗುತ್ತಿತ್ತು. ಉಳಿದ ಕಂಪನಿಗಳವರು ಅಪ್ಪ ಅಜ್ಜಂದಿರ ಹೆಸರು ಹಾಕಿಕೊಳ್ಳುವ ಜಾಗದಲ್ಲಿ ನಾವು ಹಾರ್ಮೋನಿಯಂ ಮನೆಯ ನಂಬರು ಹಾಕುತ್ತಿದ್ದೆವು.

ಆ ನಂಬರನ್ನು ಪರೀಕ್ಷೆ ಮಾಡಲಿಕ್ಕೇ ಒಬ್ಬ ಮಹನೀಯರು ಬರುತ್ತಿದ್ದರು. ಚಿಕ್ಕಪೇಟೆಯ ಜವಳಿ ವ್ಯಾಪಾರಿ ಚಂದ್ರಶೇಖರಯ್ಯನವರು. ಮುಂದಿನ ಸೋಫಾದಲ್ಲಿ ಕೂತು, ಹಾಡು ಶುರುವಾದ ಕೂಡಲೆ ಕೋಟಿನ ಜೇಬಿನಿಂದ ಸಣ್ಣದೊಂದು ಪಿಚ್ ಪೈಪು ತೆಗೆದು, ತಲೆ ಬಗ್ಗಿಸಿ, ಯಾರಿಗೂ ಕೇಳದ ಹಾಗೆ ಊದಿ ನೋಡುವರು. ಶ್ರುತಿ ಸರಿಯಿದ್ದರೆ ಹಿಂದಕ್ಕೆ ತಿರುಗಿ ನಾಲ್ಕು ಬೆರಳು ಎತ್ತುವರು. ಆಮೇಲೆ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಯ ಸಮಸ್ತರೂ ನೆಮ್ಮದಿಯಾಗಿ ಅಳಲು ಆರಂಭಿಸುತ್ತಿದ್ದರು.

ನಾನು ಕಂಪನಿಗೆ ಸೇರಿ ಮೂರನೆಯ ವರ್ಷಕ್ಕೆ ‘ರತ್ನಧ್ವಜ’ ಎಂಬ ನಾಟಕ ಬರೆದೆ. ರಾಜ್ಯ ಕಳೆದುಕೊಂಡು ಕಾಡಿಗೆ ಹೋದ ರಾಜನೊಬ್ಬನ ಕಥೆ. ಮೂರನೆಯ ಅಂಕದಲ್ಲಿ ರಾಣಿ ವೈರಿಯ ಬಾಣಕ್ಕೆ ಸಿಕ್ಕಿ, ಬೆಳಗಿನ ಜಾವ ರಾಜನ ಕೈಮೇಲೆ ಪ್ರಾಣ ಬಿಡುತ್ತಾಳೆ. ರಾಜ ಶೋಕದ ಹಾಡು ಹಾಡುತ್ತಾನೆ. ಹಾರ್ಮೋನಿಯಂ ನಾರಾಯಣಪ್ಪ ಮೇಷ್ಟ್ರು ಕೊಟ್ಟ ಮಟ್ಟಿನಲ್ಲಿ ಪಲ್ಲವಿಯ ಕೊನೆಗೆ ಎರಡು ದೀರ್ಘ ಬೇಕಿತ್ತು. ನಾನು ‘ಕುಂದಕುಟ್ಮಲರದನೇ, ಕಾಂತೇ’ ಎಂದು ಕೂಡಿಸಿದೆ. ಮಲ್ಲಿಗೆ ಮೊಗ್ಗಿನಂಥ ಹಲ್ಲುಗಳುಳ್ಳವಳೇ ಎಂದರ್ಥ. ತಾಲೀಮಿನ ಮೊದಲ ದಿನ ವೃಷಭೇಂದ್ರಪ್ಪನವರು ಆ ಸಾಲಿನ ಅರ್ಥ ಕೇಳಿ ತಿಳಿದುಕೊಂಡು, ಬಹಳ ವಿನಯದಿಂದ ವಿಚಾರಿಸಿದರು:

“ಕವಿಗಳೇ, ಹೆಂಡ್ತಿ ಸತ್ತಾಗ ಹಲ್ಲು ನೆನಪಾಗುತ್ತಾ?”

“ಹಾಡಿನಲ್ಲಿ ಆಗುತ್ತೆ” ಎಂದೆ.

“ಹಾಗಾದ್ರೆ ಹಾಡ್ತೀನಿ” ಎಂದರು. ಆರು ವರ್ಷ ಹಾಗೆಯೇ ಹಾಡಿದರು. ‘ರದನೇ’ ಎಂಬಲ್ಲಿ ಅವರು ಸ್ವರವನ್ನು ಮೇಲಿನ ಷಡ್ಜಕ್ಕೆ ಒಯ್ದು ನಿಲ್ಲಿಸಿದರೆ ತಗಡಿನ ಸೂರು ಝಣಝಣ ಎನ್ನುತ್ತಿತ್ತು. ಯಾರ ಹಲ್ಲಿನ ವಿಚಾರ ನಡೆಯುತ್ತಿದೆ ಎಂದು ಆರು ವರ್ಷದಲ್ಲಿ ಒಬ್ಬ ಪ್ರೇಕ್ಷಕನೂ ಕೇಳಲಿಲ್ಲ.

ಈ ರಾಣಿಯ ಪಾತ್ರಕ್ಕೆ ಹೊಸದಾಗಿ ಬಂದವರು ರುದ್ರಾಣಿಯವರು. ಈಗ ಅವರೂ ಪ್ರಸಿದ್ಧರೇ. ಆಗ ರಂಗದ ದೀಪ ಕಂಡರೆ ನಡುಗುತ್ತಿದ್ದರು. ಮೊದಲ ಪ್ರಯೋಗದ ದಿನ ಎರಡನೆಯ ಅಂಕದಲ್ಲಿ ಅವರಿಗೆ ಮಾತು ಮರೆತು ಹೋಯಿತು. ನಾನು ರಂಗದ ಪಕ್ಕದ ವಿಂಗಿನ ಮರೆಯಲ್ಲಿ ನಿಂತು ಹೇಳಿಕೊಟ್ಟ ಮಾತು ಬೆಂಚಿನವರಿಗೆಲ್ಲ ಕೇಳಿಸಿತೇ ಹೊರತು ಅವರಿಗೆ ಕೇಳಿಸಲಿಲ್ಲ. ಜನ ನಕ್ಕರು. ಮುಂದಿನ ಮಾತು ವೃಷಭೇಂದ್ರಪ್ಪನವರದು. ಅವರು ಬಾಯಿ ತೆರೆದು, ನಿಂತು, ತಡವರಿಸಿ, ‘ಏನು ಹೇಳಬೇಕೆಂದಿದ್ದೆ?’ ಎಂಬಂತೆ ಹಣೆ ಒತ್ತಿಕೊಂಡರು. ಜನ ಇನ್ನೂ ಜೋರಾಗಿ ನಕ್ಕರು. ಈ ಸಲ ನಕ್ಕದ್ದು ಚಕ್ರವರ್ತಿಯನ್ನು ನೋಡಿ. ಆ ನಗುವಿನ ಮರೆಯಲ್ಲಿ ರುದ್ರಾಣಿಯವರಿಗೆ ಮಾತು ನೆನಪಾಯಿತು. ವೃಷಭೇಂದ್ರಪ್ಪನವರು ಮಾತು ಮರೆತದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಕೇಳಿದರೆ, “ವಯಸ್ಸಾಯ್ತು ನೋಡಿ” ಎಂದು ಹಾರಿಸಿಬಿಟ್ಟರು.

ವಯಸ್ಸು ನಿಜವಾಗಿಯೂ ಬಂದದ್ದು ೧೯೪೯ರಲ್ಲಿ, ಅದೂ ಗಂಟಲಿಗೆ. ಮೊದಲು ಕೆಮ್ಮು, ಆಮೇಲೆ ಮೇಲಿನ ಸ್ವರದಲ್ಲಿ ಒಂದು ಒಡಕು. ಬಸವನಗುಡಿಯ ಡಾಕ್ಟರೊಬ್ಬರು ಕನ್ನಡಿ ಇಟ್ಟು ಒಳಗೆಲ್ಲ ನೋಡಿ, ಹೀಗೇ ಮೇಲಕ್ಕೆ ಎಳೆದು ಹಾಡುತ್ತಾ ಹೋದರೆ ಹಾಡಷ್ಟೇ ಅಲ್ಲ, ಮಾತೂ ಹೋಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ವೃಷಭೇಂದ್ರಪ್ಪನವರು ನೇರವಾಗಿ ಬಂದು ಮಾಲೀಕರಾದ ದೊಡ್ಡಬೈರಪ್ಪನವರ ಮುಂದೆ ಕೂತು, ಶ್ರುತಿ ಇಳಿಸಿ ಹಾಡುತ್ತೇನೆಂದರು.

ದೊಡ್ಡಬೈರಪ್ಪನವರು ಹೊಸಕೋಟೆ ಕಡೆಯ ರಾಗಿ ಹೊಲದಿಂದ ಬಂದು ಕಂಪನಿ ಕಟ್ಟಿದವರು. ಸಂಗೀತ ತಿಳಿಯದು, ಸಂಗೀತಕ್ಕೆ ಬರುವ ಜನರನ್ನು ಚೆನ್ನಾಗಿ ತಿಳಿದವರು. “ಇಳ್ಸಿದ್ರೆ ಪ್ಯಾಟೆಯೋರು ಬರಾಕಿಲ್ಲ” ಎಂದರು. “ಆ ಚಂದ್ರಶೇಖರಯ್ಯ ಪೀಪಿ ಊದಿ ಎರಡು ಬೆರಳು ಎತ್ತಿದ್ರೆ ನಾಳೆಯಿಂದ ಸೋಫಾ ಖಾಲಿ. ಸೋಫಾ ಖಾಲಿಯಾದ್ರೆ ಒಲೆ ಖಾಲಿ.”

ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ನಲವತ್ತು ಜನ ಆ ಒಂದು ಗಂಟಲಿನಿಂದ ಊಟ ಮಾಡುತ್ತಿದ್ದೆವು, ನಾನೂ ಅವರಲ್ಲೊಬ್ಬ.

ಉಪಾಯ ಬಂದದ್ದು ಗಾಂಧಿನಗರದಿಂದ. ಅಲ್ಲಿನ ಸಿನಿಮಾ ಆಫೀಸುಗಳಲ್ಲಿ ಒಂದು ಮಧ್ಯಾಹ್ನ ಕಳೆದು ಬಂದ ದೊಡ್ಡಬೈರಪ್ಪನವರ ಮುಖದಲ್ಲಿ ಹೊಸ ಕಳೆಯಿತ್ತು.

“ಸಿನಿಮಾದೋರು ಮಾಡ್ತಾವ್ರೆ. ಮೊಕ ಒಬ್ಬಂದು, ದನಿ ಇನ್ನೊಬ್ಬಂದು. ಜನ ಕಾಸು ಕೊಟ್ಟು ನೋಡ್ತಾವ್ರೆ. ನಾವು ಮಾಡಿದ್ರೆ ತಪ್ಪಾ? ನಮ್ಮ ಮರಿಯಣ್ಣನ್ನ ಬಂಡೆ ಹಿಂದೆ ಕೂರ್ಸಾಣ. ನೀವು ಬಾಯಿ ಆಡ್ಸಿ, ಸಾಕು.”

ಮರಿಯಣ್ಣ ನಮ್ಮಲ್ಲಿ ದ್ವಾರಪಾಲಕನ ವೇಷ ಹಾಕುತ್ತಿದ್ದ. ಭಜನೆ ಮಂಡಳಿಯಲ್ಲಿ ಬೆಳೆದ ಕಂಠ. ಕಪ್ಪು ನಾಲ್ಕೆಂದರೆ ಅವನಿಗೆ ಮನೆಯ ಜಗುಲಿ ಇದ್ದ ಹಾಗೆ. ಮುಖದ ತುಂಬ ಸಿಡುಬಿನ ಕಲೆಯಿದ್ದದ್ದರಿಂದ ಬಾಗಿಲಿನಿಂದ ಮುಂದಕ್ಕೆ ಅವನನ್ನು ಯಾರೂ ಕರೆದಿರಲಿಲ್ಲ. ಬಂಡೆ ಎಂದರೆ ಕಾಡಿನ ದೃಶ್ಯದಲ್ಲಿ ನಿಲ್ಲಿಸುತ್ತಿದ್ದ ರಟ್ಟಿನ ಬಂಡೆ.

“ಸಿನಿಮಾದಲ್ಲಿ ಮುಖಾನೂ ಅಲ್ಲಿರಲ್ಲ, ದನೀನೂ ಅಲ್ಲಿರಲ್ಲ ಯಜಮಾನ್ರೇ, ಬಿಳೀ ಬಟ್ಟೆ ಇರುತ್ತೆ” ಎಂದರು ವೃಷಭೇಂದ್ರಪ್ಪನವರು. “ಇಲ್ಲಿ ನಾನೇ ಇರ್ತೀನಲ್ಲ?”

“ಈ ನಲವತ್ತು ಜನ ಎಲ್ಲಿರ್ತಾರೆ, ಅದ್ ಹೇಳಿ.”

ಈ ಮಾತಿಗೆ ವೃಷಭೇಂದ್ರಪ್ಪನವರು ಒಪ್ಪಿದರು. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಮರಿಯಣ್ಣನ ಹೆಸರೂ ಬರಬೇಕೆಂದರು. “ಹೆಸರು ಹಾಕಿದ್ಮೇಲೆ ಗುಟ್ಟು ಎಲ್ಲಿ ಉಳೀತು?” ಎಂದು ದೊಡ್ಡಬೈರಪ್ಪನವರು ನ್ಯಾಯವಾಗಿಯೇ ಕೇಳಿದರು. ಆ ಸಲ ಮಾಲೀಕರ ಮಾತು ನಡೆಯಿತು. ಒಪ್ಪಿಕೊಂಡ ಮೇಲೆ ವೃಷಭೇಂದ್ರಪ್ಪನವರು ಕೆಲವು ದಿನ ಯಾರೊಂದಿಗೂ ತಮಾಷೆ ಮಾಡಲಿಲ್ಲ. ಬಣ್ಣದ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತು, ಶಬ್ದವಿಲ್ಲದೆ ‘ರದನೇ’ ಎಂದು ಬಾಯಿ ತೆರೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ನಾನು ನೋಡಿದ ದೃಶ್ಯಗಳಲ್ಲಿ ಅದಕ್ಕಿಂತ ಕಷ್ಟದ್ದು ಬೇರೆ ಇಲ್ಲ, ನೋಡಲಾರದೆ ಅಲ್ಲಿಂದ ಹೊರಟುಹೋದೆ.

ತಾಲೀಮು ಮಾತ್ರ ಅಚ್ಚುಕಟ್ಟಾಗಿ ನಡೆಯಿತು. ಯಾವ ಅಕ್ಷರಕ್ಕೆ ತಲೆ ಎತ್ತಬೇಕು, ಎಲ್ಲಿ ಉಸಿರು ತೆಗೆದಂತೆ ಎದೆ ಉಬ್ಬಿಸಬೇಕು, ಎಲ್ಲ ಗೊತ್ತುಮಾಡಿದೆವು. ನಾರಾಯಣಪ್ಪ ಮೇಷ್ಟ್ರು ಪರೀಕ್ಷೆಗೆಂದು ಕಣ್ಣು ಮುಚ್ಚಿ ಕೇಳಿ, “ಗೊತ್ತೇ ಆಗಲ್ಲ, ಕಣ್ಣು ಮುಚ್ಚಿದ್ರೆ ಸಾಕ್ಷಾತ್ ಅವರೇ” ಎಂದರು.

“ಜನ ಕಣ್ಣು ಬಿಟ್ಕೊಂಡು ಬರ್ತಾರೆ ಮೇಷ್ಟ್ರೇ” ಎಂದರು ಸತ್ತು ಮಲಗಿದ್ದ ರುದ್ರಾಣಿಯವರು.

ಎಲ್ಲವನ್ನೂ ಯೋಚಿಸಿದ್ದ ನಾವು, ಇಪ್ಪತ್ತು ಮೂವತ್ತು ವರ್ಷ ಇದೇ ಕಸುಬಿನಲ್ಲಿದ್ದವರು, ಒಂದೇ ಒಂದು ಸಂಗತಿಯನ್ನು ಮರೆತೆವು. ತಾಲೀಮಿನಲ್ಲಿ ಪ್ರೇಕ್ಷಕರಿರುವುದಿಲ್ಲ, ಆದ್ದರಿಂದ ಯಾರೂ ‘ಒನ್ಸ್ ಮೋರ್’ ಎನ್ನುವುದಿಲ್ಲ. ಕಂಪನಿ ನಾಟಕ ಕಾಣದ ಈಗಿನ ತರುಣರಿಗಾಗಿ ಹೇಳುತ್ತೇನೆ: ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುವರು, ನಟ ಮತ್ತೆ ಹಾಡುವನು. ಸತ್ತ ಪಾತ್ರವಾದರೂ ಎದ್ದು ಹಾಡಿ, ಮತ್ತೆ ಸಾಯಬೇಕು. ಆ ಎರಡು ಶಬ್ದ ಕಿವಿಗೆ ಬಿದ್ದರೆ ಹಾರ್ಮೋನಿಯಂ ಮೇಷ್ಟ್ರ ಬೆರಳು ತಾವಾಗಿಯೇ ಪಲ್ಲವಿಗೆ ಓಡುತ್ತವೆ. ಬುದ್ಧಿಯ ಅಪ್ಪಣೆ ಕಾಯುವುದಿಲ್ಲ.

೧೯೫೦ರ ಬೇಸಗೆ, ಭಾನುವಾರದ ಮ್ಯಾಟಿನಿ. ತಗಡಿನ ಮೊಳೆತೂತುಗಳಿಂದ ಬಿಸಿಲು ಬಂದು ಕಾಡಿನ ಪರದೆಯ ಮೇಲೆ ಚುಕ್ಕೆ ಇಟ್ಟಿತ್ತು. ನಮ್ಮ ಬೆಳಗಿನ ಜಾವಕ್ಕೆ ಅದು ನಕ್ಷತ್ರವೆಂದು ಜನ ದೊಡ್ಡ ಮನಸ್ಸಿನಿಂದ ತಿಳಿಯುತ್ತಿದ್ದರು. ಮೂರನೆಯ ಅಂಕ ಬಂತು. ರಾಣಿ ಸತ್ತಳು. ಬಂಡೆಯ ಹಿಂದಿನಿಂದ ಮರಿಯಣ್ಣ ಹಾಡಿದ, ವೃಷಭೇಂದ್ರಪ್ಪನವರು ಬಾಯಿ ತೆರೆದರು. ಚಂದ್ರಶೇಖರಯ್ಯನವರು ಪೈಪು ಊದಿ ನೋಡಿ ನಾಲ್ಕು ಬೆರಳು ಎತ್ತಿದರು. ಜನ ಅತ್ತರು. ಹಾಡು ಮುಗಿಯಿತು. ವಿಂಗಿನಲ್ಲಿ ದೊಡ್ಡಬೈರಪ್ಪನವರು ನನ್ನ ಭುಜ ಹಿಂಡಿದರು.

ಆಗ ನೆಲದಿಂದ ಎದ್ದಿತು: “ಒನ್ಸ್ ಮೋರ್!”

ವೃಷಭೇಂದ್ರಪ್ಪನವರು ಹಾಡಿನ ಕೊನೆಗೆ, ನಾಟಕದಲ್ಲಿದ್ದಂತೆ, ರಾಣಿಯ ಅಂಗೈಗೆ ಮುಖ ಒತ್ತಿ ಬಗ್ಗಿದ್ದರು. ಮೇಷ್ಟ್ರ ಬೆರಳು ಓಡಿದವು. ಮರಿಯಣ್ಣ, ಪಾಪ, ಜನ್ಮದಲ್ಲೇ ಮೊದಲ ಸಲ ತನಗೆ ಬಿದ್ದ ಒನ್ಸ್ ಮೋರಿಗೆ ಉಬ್ಬಿ, ಮೊದಲಿಗಿಂತ ಜೋರಾಗಿ ಎತ್ತಿದ. ‘ಕುಂದಕುಟ್ಮಲರದನೇ’ ಎಂಬ ಹಾಡು ರಾಜನ ಮುಚ್ಚಿದ ಬಾಯಿಂದ, ಅಂಗೈಗೆ ಒತ್ತಿದ ಮುಖದಿಂದ, ಪೂರ್ಣ ಕಪ್ಪು ನಾಲ್ಕರಲ್ಲಿ ಹೊರಟಿತು.

“ಅಣ್ಣಯ್ಯಾ, ಬಾಯಿ! ಬಾಯಿ!” ಎಂದು ಹೆಣ ಪಿಸುಗುಟ್ಟಿತು.

ಅವರು ತಲೆ ಎತ್ತಿದರು; ಆದರೆ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಅರ್ಧ ಜನ ಏನೋ ತಪ್ಪು ಕಂಡೆವೆಂದುಕೊಂಡು ಸುಮ್ಮನಾಗುತ್ತಿದ್ದರು ಎಂದು ದೊಡ್ಡಬೈರಪ್ಪನವರು ಇಂದಿಗೂ ವಾದಿಸುತ್ತಾರೆ. ವೃಷಭೇಂದ್ರಪ್ಪನವರು ಬಾಯಿ ಮುಚ್ಚಿಕೊಂಡೇ ಸಭೆಯ ಕಡೆ ನೋಡುತ್ತಾ ಕೂತರು. ಮರಿಯಣ್ಣನಿಗೆ ಬಂಡೆ ಅಡ್ಡ, ಏನೂ ಕಾಣದು. ಅವನು ಸಾಲನ್ನೇ ತಿರುವಿ ತಿರುವಿ ಸಂಗತಿಯ ಮೇಲೆ ಸಂಗತಿ ಹಾಕುತ್ತಿದ್ದ. ಥಿಯೇಟರಿನಲ್ಲಿ ಯಾರದೋ ಕೂಗು: “ಯಾರಪ್ಪಾ ಅದು ಹಿಂದೆ? ರಾಜನ ಭೂತಾನಾ?” ನಗು ಸಿಡಿಯಿತು. ಮರಿಯಣ್ಣ ‘ಕಾಂತೇ’ ಎಂಬಲ್ಲಿ ನಿಂತ.

ಚಂದ್ರಶೇಖರಯ್ಯನವರು ಸೋಫಾದಿಂದ ಎದ್ದು ನಿಂತರು. ಅವರಿಗೆ ಕೋಪಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು. ಈಗತಾನೆ ನಾಲ್ಕು ಬೆರಳು ಎತ್ತಿದ್ದರಲ್ಲ. “ನಾವು ಬಂದಿದ್ದು ವೃಷಭೇಂದ್ರಪ್ಪನ ಕಂಠ ಕೇಳೋಕೆ ಸ್ವಾಮಿ. ಅದನ್ನ ಕೊಡಿ, ಇಲ್ಲಾಂದ್ರೆ ಪರದೆ ಎಳೀರಿ!”

ಪರದೆ ಎಳೆ ಎಂದು ದೊಡ್ಡಬೈರಪ್ಪನವರು ಆಗಲೇ ಕೈ ಮಾಡುತ್ತಿದ್ದರು. ವೃಷಭೇಂದ್ರಪ್ಪನವರು ಬೇಡವೆಂದು ಕೈ ಅಡ್ಡ ಹಿಡಿದು, ಎದ್ದು, ರಟ್ಟಿನ ಬಂಡೆಯ ಹಿಂದೆ ಹೋಗಿ ಮರಿಯಣ್ಣನನ್ನು ತೋಳು ಹಿಡಿದು ಮುಂದಕ್ಕೆ ಕರೆತಂದರು. ಆತ ದ್ವಾರಪಾಲಕನ ವೇಷದಲ್ಲೇ ಇದ್ದ.

“ಹಾಡಿದ್ದು ಇವರು. ಹೆಸರು ಮರಿಯಣ್ಣ. ನೀವು ಒನ್ಸ್ ಮೋರ್ ಅಂದಿದ್ದು ಇವರಿಗೆ, ಆ ಮರ್ಯಾದೆ ಇವರದು” ಎಂದರು. ಆಮೇಲೆ ಚಂದ್ರಶೇಖರಯ್ಯನವರ ಕಡೆ ತಿರುಗಿ ಕೈಮುಗಿದು, “ನೀವು ಕೇಳಿದ ಕಂಠ ನನ್ನ ಹತ್ತಿರಾನೂ ಇಲ್ಲ ಸ್ವಾಮಿ. ಇದ್ದಿದ್ರೆ ನಿಮಗೆ ಕೊಡದೆ ಇನ್ಯಾರಿಗೆ ಕೊಡ್ತಿದ್ದೆ? ಈಗ ಉಳಿದಿರೋದು ಇಷ್ಟೇ. ಬೇಕು ಅಂದ್ರೆ ಕೇಳಿ” ಎಂದರು. ನಂತರ ಇಡೀ ಥಿಯೇಟರಿಗೆ ತಿಳಿಯುವ ಹಾಗೆ, “ಮೇಷ್ಟ್ರೇ, ಕಪ್ಪು ಒಂದಕ್ಕೆ ಇಳಿಸಿ.”

ನಾಲ್ಕರಿಂದ ಒಂದಕ್ಕೆ! ಶ್ರುತಿ ಇಳಿಸುವ ಮಾತನ್ನು ನಮ್ಮಲ್ಲಿ ಕಿವಿಯಲ್ಲೂ ಹೇಳುತ್ತಿರಲಿಲ್ಲ, ಕಣ್ಣಿನಲ್ಲಿ ಹೇಳುತ್ತಿದ್ದರು. ನಾರಾಯಣಪ್ಪ ಮೇಷ್ಟ್ರು ಬೀದಿಯಲ್ಲಿ ಪಂಚೆ ಬಿಚ್ಚು ಎಂದವರನ್ನು ನೋಡುವಂತೆ ನೋಡಿದರು. ಬೆರಳು ಇಳಿಸಿದರು.

ವೃಷಭೇಂದ್ರಪ್ಪನವರು ಹಿಂದಿನ ಜಾಗಕ್ಕೆ ಹೋಗಿ ಕೂತು ರಾಣಿಯ ಕೈ ತೆಗೆದುಕೊಂಡರು. ದನಿ ಹೊರಟಿತು, ಒಡಕು, ತಗ್ಗು, ಮೂರನೆಯ ಬೆಂಚಿನಾಚೆಗೆ ಹೋಗದ ದನಿ. ಹಾಡಿನ ಮೊದಲರ್ಧವನ್ನು ಹೇಗೋ ದಾಟಿಸಿದರು. ‘ಕುಂದಕುಟ್ಮಲ’ ಬರಬೇಕಾದ ಜಾಗ ಬಂತು. ಅವರು ಹಾಡು ನಿಲ್ಲಿಸಿದರು. ಸತ್ತವಳ ಕೈಯನ್ನು ಸ್ವಲ್ಪ ಅಲುಗಿಸಿ, ಅಕ್ಕಿಪೇಟೆಯ ಯಾವ ಮನೆಯಲ್ಲಾದರೂ ಬೆಳಿಗ್ಗೆ ಕೇಳಬಹುದಾದ ಹಾಗೆ, “ಏಳೇ. ಹೊತ್ತಾಯ್ತು” ಎಂದರು.

ಹಿಂದಿನವರಿಗೆ ಕೇಳಿಸಲಿಲ್ಲ. ಏನಂದರು, ಏನಂದರು ಎಂದು ಗುಸುಗುಸು ಆಯಿತು. ನಗುತ್ತಿದ್ದ ನೆಲದವರು ಒಬ್ಬೊಬ್ಬರಾಗಿ ಎದ್ದು, ಬೆಂಚು ದಾಟಿ, ಕುರ್ಚಿ ದಾಟಿ, ಸೋಫಾದ ಮುಂದೆ ಬರಿಯ ಮಣ್ಣಿನ ಮೇಲೆ ಬಂದು ಕೂತರು. ನಮ್ಮ ಕಂಪನಿಯಲ್ಲಿ ನೆಲದ ಟಿಕೆಟ್ಟಿನವನು ಸೋಫಾದ ಬಳಿ ಸುಳಿದರೆ ಕೊರಳಪಟ್ಟಿ ಹಿಡಿಯುವವರಿದ್ದರು. ಅಂದು ಯಾರೂ ಹಿಡಿಯಲಿಲ್ಲ. ವೃಷಭೇಂದ್ರಪ್ಪನವರು ಕಾದರು. ಎಲ್ಲರೂ ಕೂತ ಮೇಲೆ, ಮೊದಲಿಗಿಂತ ಸಣ್ಣ ದನಿಯಲ್ಲಿ, ಇನ್ನೊಮ್ಮೆ ಎಬ್ಬಿಸಿದರು. ಆಕೆ ಏಳಲಿಲ್ಲ. ಅವರು ಕೈಯನ್ನು ಕೆಳಗಿಟ್ಟು, ಆಕೆಯ ಸೆರಗು ಸರಿಮಾಡಿದರು.

ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ಹೆಣದ ಕಣ್ಣಿನಲ್ಲಿ ನೀರು ಬಂದದ್ದನ್ನು ಮುಂದೆ ಕೂತವರೆಲ್ಲ ಕಂಡರು. ಅದನ್ನು ತಪ್ಪೆಂದು ಯಾರೂ ಹೇಳಲಿಲ್ಲ. ಚಂದ್ರಶೇಖರಯ್ಯನವರು ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು, ಊದಲಿಲ್ಲ. ನಾಟಕ ಮುಗಿದ ಮೇಲೆ ನನ್ನ ಹತ್ತಿರ ಬಂದ ವೃಷಭೇಂದ್ರಪ್ಪನವರು ಬಣ್ಣ ಒರೆಸಿಕೊಳ್ಳುತ್ತಾ, “ಕ್ಷಮಿಸಿ ಕವಿಗಳೇ, ಇವತ್ತು ನಿಮ್ಮ ಹಲ್ಲು ಬಿಟ್ಟುಬಿಟ್ಟೆ” ಎಂದರು. ಜನರೆದುರು ಹಲ್ಲು ಬಿಟ್ಟವನು ನಾನೇ ಎಂದು ನನಗೂ ಅರ್ಥವಾಯಿತು. ‘ರತ್ನಧ್ವಜ’ ಎರಡನೆಯ ಸಲ ಅಚ್ಚಾದಾಗ ಆ ಸಾಲನ್ನು ತೆಗೆದು, ಅವರ ಎರಡು ಮಾತನ್ನೇ ಹಾಕಿದ್ದೇನೆ. ನನ್ನ ಕೃತಿಗಳಲ್ಲಿ ವಿಮರ್ಶಕರು ಮೆಚ್ಚಿರುವುದು ಅದೊಂದೇ ಜಾಗ.

ಇದರಿಂದ ಕಂಪನಿ ಉದ್ಧಾರವಾಯಿತೆಂದು ಬರೆದರೆ ಈ ಗ್ರಂಥಕ್ಕೆ ಶೋಭೆ. ಆದರೆ ವೃಷಭೇಂದ್ರಪ್ಪನವರು ಇದನ್ನು ಓದುವವರಿದ್ದಾರೆ. ಆ ಮಳೆಗಾಲವೆಲ್ಲ ಸೋಫಾಗಳು ಖಾಲಿಯಿದ್ದವು. ದೊಡ್ಡಬೈರಪ್ಪನವರು ಎದುರಿಗೆ ಸಿಕ್ಕರೂ ಮಾತಾಡುತ್ತಿರಲಿಲ್ಲ. ಒಂದು ದಿನ ವೃಷಭೇಂದ್ರಪ್ಪನವರೇ ಹೋಗಿ, ರಾಜನ ಪಾತ್ರವನ್ನು ಮರಿಯಣ್ಣನಿಗೆ ಕೊಡಿ ಎಂದರು. “ಆ ಮೊಕಕ್ಕಾ?” ಎಂದರು ಮಾಲೀಕರು. “ಬಣ್ಣ ನಾನು ಬಳೀತೀನಿ” ಎಂದರು ಇವರು. ಬಳಿದರು ಕೂಡ, ಮೊದಲ ಒಂದು ವರ್ಷ ಮರಿಯಣ್ಣನಿಗೆ ಬೇರೆ ಯಾರೂ ಬಣ್ಣ ಹಚ್ಚಲಿಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ‘ಕಪ್ಪು ನಾಲ್ಕು’ ಮರಿಯಣ್ಣನವರ ಹೆಸರಿನ ಕೆಳಗೆ ಇಳಿಯಿತು. ಮರಿಯಣ್ಣ ಬಿಟ್ಟ ದ್ವಾರಪಾಲಕನ ಪಾತ್ರ ಖಾಲಿಯಿತ್ತು. ಅದನ್ನು ಕೆಲವು ತಿಂಗಳು ಹಾಕಿದವರು ವೃಷಭೇಂದ್ರಪ್ಪನವರು. ಈಟಿ ಹಿಡಿದು ಬಾಗಿಲಲ್ಲಿ ನಿಂತು, ‘ಅಪ್ಪಣೆ ಮಹಾಪ್ರಭು’ ಎಂಬ ಒಂದೇ ಮಾತನ್ನು, ಅಪ್ಪಣೆ ಬೇಕಾದವನ ಹಾಗೆ ಹೇಳುತ್ತಿದ್ದರು.

ನಿಧಾನವಾಗಿ ಬೇರೆ ಜನ ಬರತೊಡಗಿದರು. ಬಸವನಗುಡಿಯ ಕಾಲೇಜು ಹುಡುಗರು, ಮಲ್ಲೇಶ್ವರದಿಂದ ಜಟಕಾ ಮಾಡಿಕೊಂಡು ಬರುವ ಹೆಂಗಸರು. ಅವರಿಗೆ ಶ್ರುತಿಯ ನಂಬರು ತಿಳಿಯದು. ಕಿವಿಗೊಟ್ಟು ಮಾತು ಕೇಳುವರು. ಅವರಿಗಾಗಿ ನಾನು ಸಣ್ಣ ಸಣ್ಣ ಪಾತ್ರಗಳನ್ನು ಬರೆದೆ: ಕೆಲಸ ಕಳೆದುಕೊಂಡ ಗುಮಾಸ್ತ, ಮಗಳ ಮನೆಯಲ್ಲಿ ಊಟಕ್ಕೆ ಕೂತ ತಂದೆ. ಹಾಡಿಲ್ಲದ ಆ ಪಾತ್ರಗಳಲ್ಲಿ ಅವರು ಕಳೆದ ಎಂಟು ವರ್ಷ ಮಾಡಿದ್ದೇ ಅವರ ನಿಜವಾದ ಸಾಧನೆಯೆಂದು ನನ್ನ ಅಭಿಪ್ರಾಯ. ಅದರ ಗುಟ್ಟೇನೆಂದು ಕೇಳಲು ಬಂದ ಹವ್ಯಾಸಿ ತರುಣನೊಬ್ಬನಿಗೆ ಅವರು ಹೇಳಿದ್ದನ್ನು ಕೇಳಿದ್ದೇನೆ: “ಅರ್ಥವಾಗದ ಮಾತನ್ನ ಜೋರಾಗಿ ಹೇಳ್ಬೇಡಪ್ಪ. ಅಷ್ಟೇ.” ಹೇಳುವಾಗ ನನ್ನ ಕಡೆ ನೋಡಲಿಲ್ಲ, ಅದು ಅವರ ಸೌಜನ್ಯ. ನಂಜಪ್ಪನವರು ಇಷ್ಟು ಕಾಲ ಇದ್ದಿದ್ದರೆ ಕೊಳವೆಯಲ್ಲಿ ಬಂದ ಕಾಳನ್ನು ಅಂಗೈ ಮೇಲೆ ಹರಡಿ ನೋಡಿ ಏನೆನ್ನುತ್ತಿದ್ದರೋ. ಚೌಕಾಸಿ ಮಾಡದೆ ಮೂಟೆ ಒಳಗಿಡಿಸುತ್ತಿದ್ದರು ಎಂದು ನನ್ನ ಊಹೆ.

ಈಗ ವೃಷಭೇಂದ್ರಪ್ಪನವರ ಸನ್ಮಾನ ಸಮಾರಂಭದ ವಿಷಯ. ಅವರು ಮೂವತ್ತರ ದಶಕದಲ್ಲಿ ಹಾಡಿದ ಗ್ರಾಮಫೋನ್ ಪ್ಲೇಟೊಂದನ್ನು ಸಮಿತಿಯವರು ಎಲ್ಲಿಂದಲೋ ಹುಡುಕಿ ತಂದಿದ್ದಾರೆ. ತಂದುಕೊಟ್ಟವರು ಚಂದ್ರಶೇಖರಯ್ಯನವರೆಂದು ಕೇಳಿದ್ದೇನೆ. ಸನ್ಮಾನದ ಹೊತ್ತಿನಲ್ಲಿ ಅದನ್ನು ಧ್ವನಿವರ್ಧಕದಲ್ಲಿ ಹಾಕಬೇಕು, ಕಪ್ಪು ನಾಲ್ಕು ಮತ್ತೊಮ್ಮೆ ಚಾಮರಾಜಪೇಟೆಯಲ್ಲಿ ಮೊಳಗಬೇಕೆಂದು ಸಮಿತಿಯವರ ಆಸೆ. ಒಪ್ಪಿಗೆ ಕೇಳಲು ಹೋದ ಕಾರ್ಯದರ್ಶಿಗಳ ಜೊತೆ ನಾನೂ ಹೋಗಿದ್ದೆ. ವೃಷಭೇಂದ್ರಪ್ಪನವರು ಪ್ಲೇಟನ್ನು ಕೈಗೆ ತೆಗೆದುಕೊಂಡು, ಧೂಳೊರೆಸಿ, ಹಿಂದಕ್ಕೆ ಕೊಟ್ಟರು.

“ಇದು ಬೇಡಿ. ಪ್ಲೇಟಲ್ಲಿ ಅವನು ಹಾಡ್ತಾ ಇರ್ತಾನೆ, ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ. ಅದೊಂದು ಸಲ ಆಗಿದೆ.”

ಆದ್ದರಿಂದ ಸಭೆಯಲ್ಲಿ ಪ್ಲೇಟು ಇರುವುದಿಲ್ಲ. ಧ್ವನಿವರ್ಧಕವೂ ಬೇಡವೆಂದಿದ್ದಾರೆ. ತಮಗೆ ಉಳಿದಿರುವ ದನಿಯಲ್ಲಿ ನಾಲ್ಕು ಮಾತಾಡುತ್ತಾರಂತೆ. ಬಣ್ಣ ಬಿಟ್ಟ ಮೇಲೆ ಮರಿಯಣ್ಣನವರ ಶಿಷ್ಯರಿಗೆ ಮಾತು ಕಲಿಸುವ ಕೆಲಸವನ್ನು ಒಪ್ಪಿಕೊಂಡಿದ್ದಾರೆ. ಅದು ಬಹುಕಾಲ ನಡೆಯಬೇಕು. ಬೈರವೇಶ್ವರಸ್ವಾಮಿಯು ಅವರಿಗೆ ತುಂಬು ಆಯುಸ್ಸನ್ನೂ, ನಮಗೆ ಅದನ್ನು ನೋಡುವ ಭಾಗ್ಯವನ್ನೂ ಕರುಣಿಸಲಿ. ಶ್ರುತಿ ಇನ್ನೂ ಎಷ್ಟು ಮನೆ ಇಳಿದರೂ ಚಿಂತೆಯಿಲ್ಲ. ಹಿಂದೆ ಕೂತವರು ಎದ್ದು ಮುಂದೆ ಬರುತ್ತೇವೆ.